ನಡುವಿನ ಕಂತಿಗೆ ಕೈ ಹಾಕುವ ಚಿಕ್ಕಪ್ಪ

ನಮ್ಮ ಹರಿಯಬ್ಬೆ ಚಿಕ್ಕಪ್ಪನಷ್ಟು ಕಷ್ಟಪಟ್ಟು ದೆವ್ವದ ಧಾರಾವಾಹಿ ನೋಡುವವರು ಹಿರಿಯೂರು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದ್ದರೆ ಹೇಳಿ, ಅವರ ಮನೆಯವರನ್ನು ಕಂಡು ಸಮಾಧಾನ ಹೇಳಿ ಬರುತ್ತೇನೆ.

ಎಲ್ಲರೂ ಮೊದಲ ಕಂತಿನಿಂದ ಶುರು ಮಾಡಿದರೆ ಇವರು ನಡುವಿನ ಕಂತುಗಳನ್ನು ಮೊದಲು ಪರೀಕ್ಷೆ ಮಾಡುತ್ತಾರೆ! ಎಷ್ಟೋ ವರ್ಷ ಈರುಳ್ಳಿ ವ್ಯಾಪಾರ ಮಾಡಿದವರು. ಚೀಲದ ಬಾಯಲ್ಲೂ ತಳದಲ್ಲೂ ದಪ್ಪ ಗಡ್ಡೆ ಇಟ್ಟು, ನಡುವೆ ಗೋಲಿ ಗಾತ್ರದ್ದು ತುಂಬುವವರನ್ನು ಕಂಡು ಕಂಡು, ಕೈ ಹಾಕಿದರೆ ನಡುವಿಗೇ.

"ಮೊದ್ಲು, ಕೊನೆ ಎಲ್ರೂ ಚೆನ್ನಾಗೇ ಮಾಡ್ತಾರೆ ಕಣಪ್ಪ. ನಡುವೆ ಏನು ತುಂಬ್ಯಾರೆ ಅಂತ ನೋಡ್ಬೇಕು."

ಈ ಸಲ ಬೇರೆ ಕಾರಣವೂ ಇತ್ತು. ಚಿಕ್ಕಮ್ಮನಿಗೆ ವರ್ಷದಿಂದ ಮರೆವು. ಒಲೆ ಮೇಲೆ ಹಾಲಿಟ್ಟದ್ದನ್ನು ಮರೆಯುವುದಲ್ಲ, ಹಾಲು ಯಾಕೆ ಇಡುತ್ತಾರೆ ಅನ್ನುವುದನ್ನೇ ಮರೆಯುವಂಥದ್ದು. ಅವರಿಗೆ ದೆವ್ವದ ಕಥೆ ಅಂದರೆ ಮೊದಲಿನಿಂದಲೂ ಪ್ರಾಣ. ನಡುವೆ ಬೇಸತ್ತು ಎದ್ದು ಹೋಗದೆ, ತನ್ನ ಪಕ್ಕದಲ್ಲಿ ಕೂತು ಒಂದೇ ಒಂದು ಕಥೆಯನ್ನು ಮುಗಿಯುವ ತನಕ ನೋಡಿದರೆ ಸಾಕು ಎಂಬುದು ಚಿಕ್ಕಪ್ಪನ ಆಸೆ.

ಧಾರಾವಾಹಿ ಹತ್ತು ಕಂತಿನದು. ದೊಡ್ಡ ಬಂಗಲೆ, ಅದರಲ್ಲಿ ಗಂಡ ಹೆಂಡತಿ. ತಾನು ಕಂಡದ್ದು ನಿಜವೋ ಮನಸ್ಸಿನ ಆಟವೋ ಹೆಂಡತಿಗೇ ತಿಳಿಯದು. ಮೊದಲ ಮೂರು ಕಂತು ನೋಡಿ ನಾನೇ ಬಚ್ಚಲಿಗೆ ಹೋಗಲು ಜೊತೆ ಹುಡುಕಿದೆ. ನಾಲ್ಕರಿಂದ ಕಥೆ ಮುಗ್ಗರಿಸಿತು. ಹಸಿರು ಬೆಳಕು, ರೇಷ್ಮೆಯ ನಿಲುವಂಗಿ ಎಲ್ಲ ಚೆಂದವೇ. ಆದರೆ ಐದನೇ ಕಂತಿನಲ್ಲಿ ಆಕೆ ಒಂದು ಬಾಗಿಲು ತೆರೆಯುವಷ್ಟರಲ್ಲಿ ನಮ್ಮ ಮನೆಯಲ್ಲಿ ಮುದ್ದೆ ಬೆಂದು, ಉಂಡು, ತಟ್ಟೆ ತೊಳೆದಾಗಿತ್ತು.

ಚಿಕ್ಕಪ್ಪ ಮೊದಲೇ ತೀರ್ಪು ಬರೆದು ಗೋಡೆಗೆ ಅಂಟಿಸಿದ್ದರು: "ನಾಲ್ಕು, ಪರವಾಗಿಲ್ಲ. ಐದು, ಓಡಿಸಿ ನೋಡುವುದು. ಆರು, ಕನ್ನಡಿ ಸೀನಿಗಾಗಿ ನೋಡಬಹುದು. ಏಳು, ಪೂರಾ ಕೊಳೆತಿದೆ, ಬೇಡ."

ಏಳೊಂದೇ ಕೊಳೆತದ್ದು ಹೇಗೆ? ಕುತೂಹಲ ತಡೆಯದೆ ಮೊಬೈಲಿನಲ್ಲಿ ನೋಡಿದೆ. ಅಷ್ಟು ಬಿಗಿಯಾದ ಕಂತು ಇನ್ನೊಂದಿಲ್ಲ. ಹೆಂಡತಿಯ ತಲೆ ಸರಿಯಿಲ್ಲವೆಂದು ಗಂಡ ಪೆಟ್ಟಿಗೆ ಹಿಡಿದು ಬಂಗಲೆ ಬಿಟ್ಟು ಹೋಗುತ್ತಾನೆ.

"ಚಿಕ್ಕಪ್ಪ, ಏಳು ಚೆನ್ನಾಗೇ ಐತಲ್ಲ?" ಅಂದೆ ಮೆಲ್ಲಗೆ.

"ನಿಂಗೆ ಮಾಲಿನ ಗುರುತಿಲ್ಲ, ಸುಮ್ಕಿರು ಲೇ," ಅಂದರು, ನನ್ನ ಮುಖ ನೋಡದೆ.

ಮಧ್ಯಾಹ್ನ ಊಟವಾದ ಮೇಲೆ ಆರು ಮುಗಿಸಿ ನೇರ ಎಂಟಕ್ಕೆ ಹಾರಿದೆವು. ಬಂಗಲೆಯಲ್ಲಿ ಈಗ ಆಕೆ ಒಬ್ಬಳೇ. ಚಿಕ್ಕಮ್ಮ ಟೀವಿಯನ್ನೇ ನೋಡುತ್ತ ಕೇಳಿದರು, "ರೀ, ಆಯಮ್ಮನ ಗಂಡ ಎಲ್ಲಿ ಹೋದ?"

ಚಿಕ್ಕಪ್ಪ ಇನ್ನಷ್ಟು ಹತ್ತಿರ ಸರಿದು ಕೂತರು. "ಎಲ್ಲೂ ಹೋಗಿಲ್ಲ. ಕ್ಯಾಮೆರಾದಾಗೆ ಕಾಣಲ್ಲ ಅಷ್ಟೆ. ಪಕ್ಕದಾಗೇ ಕುಂತಾನೆ."

"ಮತ್ಯಾಕೆ ಹೆದರ್ಕಂತಾಳೆ ಆಯಮ್ಮ?" ಅಂದು ಚಿಕ್ಕಮ್ಮ ಅವರ ಕೈ ಹಿಡಿದುಕೊಂಡರು. ಹತ್ತನೇ ಕಂತು ಮುಗಿಯುವ ತನಕ ಬಿಡಲಿಲ್ಲ.