ನಾವು ಪೊರೆಯವನ ಕಡೆಯವರು

ಆಡಲು ಬಾರದ ಆಟಕ್ಕೆ ಅಭಿಮಾನಿಯಾಗುವುದರಲ್ಲಿ ಒಂದು ಸುಖವಿದೆ. ಕ್ರಿಕೆಟ್ ನೋಡುವವನು ಎಂದೋ ಒಂದು ದಿನ ತೆಂಗಿನ ಮಟ್ಟೆ ಹಿಡಿದು ನಾಲ್ಕು ಚೆಂಡು ಹೊಡೆದಿರುತ್ತಾನೆ. ಹಾಗಾಗಿ ಟೀವಿಯಲ್ಲಿ ಯಾರಾದರೂ ಕ್ಯಾಚು ಬಿಟ್ಟರೆ ತಾನಾಗಿದ್ದರೆ ಹಿಡಿಯುತ್ತಿದ್ದೆ ಎಂದು ಅವನ ಕೈ ತುರಿಸುತ್ತದೆ, ಬಿ.ಪಿ. ಏರುತ್ತದೆ. ನನಗೆ ಆ ತೊಂದರೆ ಇರಲಿಲ್ಲ. ನಾನು ಅಭಿಮಾನಿಯಾದದ್ದು ಪೋಕರ್ ಎಂಬ ಇಸ್ಪೀಟಾಟಕ್ಕೆ. ಇಸ್ಪೀಟು ಎಲೆಯನ್ನು ನಾನು ಹುಟ್ಟಿದಾರಭ್ಯ ಕೈಯಲ್ಲಿ ಹಿಡಿದವನಲ್ಲ. ನಮ್ಮದು ಬೆಳಗ್ಗೆ ಲಿಂಗಪೂಜೆಯಾಗದೆ ಕಾಫಿ ಕಾಣದ ಮನೆ. ಎಕ್ಕ ದೊಡ್ಡದೋ ರಾಜ ದೊಡ್ಡವನೋ ಎಂಬುದು ನನಗೆ ಗೊತ್ತಾದದ್ದೇ ನಲವತ್ತು ದಾಟಿದ ಮೇಲೆ, ಅದೂ ಅಮೆರಿಕದವರು ಟೀವಿಯಲ್ಲಿ ಹೇಳಿಕೊಟ್ಟ ಮೇಲೆ.

ನಂಜನಗೂಡಿನ ಬಜಾರಿನಲ್ಲಿ ನನ್ನದೊಂದು ಬೀಜ, ಗೊಬ್ಬರದ ಅಂಗಡಿ. ಮಧ್ಯಾಹ್ನ ಊಟಕ್ಕೆಂದು ಬಾಗಿಲೆಳೆದು ಮನೆಗೆ ಬಂದರೆ ನಾಲ್ಕರವರೆಗೆ ಅತ್ತ ತಲೆಹಾಕುವ ಪದ್ಧತಿ ಇಲ್ಲ. ಮೊಬೈಲು ಇನ್ನೂ ಎಲ್ಲರ ಜೇಬಿಗೆ ಬಂದಿರದ ಕಾಲ. ಕೇಬಲ್ಲಿನವನು ಮಾತ್ರ ಕೇಳದಿದ್ದರೂ ಹೊಸ ಹೊಸ ಚಾನೆಲ್ಲು ಕೊಡುತ್ತಿದ್ದ. ಒಂದು ಗುರುವಾರ ಮಧ್ಯಾಹ್ನ ಕ್ರಿಕೆಟ್ ಹುಡುಕುತ್ತ ರಿಮೋಟು ಒತ್ತುತ್ತಿದ್ದಾಗ, ಒಂದು ಹಸಿರು ಮೇಜಿನ ಸುತ್ತ ಎಂಟೊಂಬತ್ತು ಜನ ಮಾತಿಲ್ಲದೆ ಕೂತಿರುವುದು ಕಾಣಿಸಿತು. ಯಾರೂ ಓಡುತ್ತಿಲ್ಲ, ಯಾರೂ ಬೀಳುತ್ತಿಲ್ಲ. ಒಬ್ಬ ಬಿಲ್ಲೆ ಎಣಿಸುತ್ತಾನೆ, ಒಬ್ಬ ಗದ್ದ ಕೆರೆದುಕೊಳ್ಳುತ್ತಾನೆ. ಇದನ್ನು ಕ್ರೀಡೆಯ ಚಾನೆಲ್ಲಿನಲ್ಲಿ ಏಕೆ ತೋರಿಸುತ್ತಾರೆ ಎಂದು ನೋಡುತ್ತ ಕೂತವನು ಮುಗಿಯುವವರೆಗೂ ಏಳಲಿಲ್ಲ.

ಆಟ ಸರಳ. ಪ್ರತಿಯೊಬ್ಬನಿಗೂ ಕವುಚಿ ಎರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಎಲೆ ಚೆನ್ನಾಗಿ ಬಂದವನು ಹಣದ ಲೆಕ್ಕದ ಬಿಲ್ಲೆ ಮುಂದೆ ತಳ್ಳುತ್ತಾನೆ. ಕೈಯಲ್ಲಿ ಏನೂ ಇಲ್ಲದವನು ಇನ್ನೂ ಜಾಸ್ತಿ ತಳ್ಳಿ, ಎದುರಾಳಿ ಹೆದರಿ ಎಲೆ ಬಿಟ್ಟುಬಿಡುವಂತೆ ಮಾಡುತ್ತಾನೆ. ಅದಕ್ಕೆ ಬ್ಲಫ್ ಎನ್ನುತ್ತಾರೆ. ಬಿಲ್ಲೆಯೆಲ್ಲ ಒಟ್ಟಿಗೆ ತಳ್ಳಿದರೆ ಆಲ್ ಇನ್. ಗೆದ್ದರೆ ಉಂಟು, ಸೋತರೆ ಎದ್ದು ಮನೆಗೆ. ಇದರಲ್ಲಿ ನೋಡುವವರಿಗೆ ಒಂದು ಸೌಲಭ್ಯವಿದೆ. ಕವುಚಿದ ಎಲೆ ಏನೆಂದು ಮೇಜಿನ ಅಂಚಿನ ಕ್ಯಾಮೆರಾ ನಮಗೆ ತೋರಿಸಿಬಿಡುತ್ತದೆ. ಅಲ್ಲಿ ಕೂತ ಘಟಾನುಘಟಿಗಳಿಗೆ ಗೊತ್ತಿಲ್ಲದ್ದು ನಂಜನಗೂಡಿನ ಗೊಬ್ಬರದ ಅಂಗಡಿಯವನಿಗೆ ಗೊತ್ತು! ಅಂಗಡಿಯಲ್ಲಿ ಗಿರಾಕಿಯ ಮನಸ್ಸಿನಲ್ಲಿರುವುದು ಒಂದು ದಿನವೂ ನನಗೆ ತಿಳಿದದ್ದಿಲ್ಲ. ಇಲ್ಲಿ ಸರ್ವಾಂತರ್ಯಾಮಿಯಾಗಿ ಕೂತು, "ಅಯ್ಯೋ ದಡ್ಡ, ಅವನ ಹತ್ರ ಏನೂ ಇಲ್ಲ, ಬಿಡಬೇಡ" ಎಂದು ಕೂಗುತ್ತಿದ್ದೆ. ಸಾವಿರಾರು ಜನ ಸೇರಿದ್ದ, ಗುರುವಾರಕ್ಕೊಂದು ಕಂತಿನಂತೆ ತೋರಿಸುತ್ತಿದ್ದ ಆ ಪಂದ್ಯ ನಡೆದು ತಿಂಗಳುಗಳೇ ಆಗಿದ್ದವಂತೆ. ಗೆದ್ದವನು ಯಾರೆಂದು ಲೋಕಕ್ಕೆಲ್ಲ ಗೊತ್ತಿತ್ತು. ಆದರೆ ನಮ್ಮ ಬಜಾರಿನಲ್ಲಿ ಅದನ್ನು ಹೇಳಿ ರುಚಿ ಕೆಡಿಸುವವರು ಯಾರೂ ಇರಲಿಲ್ಲ.

ಪಂದ್ಯ ಕೊನೆಯ ಹಂತಕ್ಕೆ ಬರುವ ಹೊತ್ತಿಗೆ ನಮ್ಮ ಮನೆಗೆ ನನ್ನ ಮಾವನವರು ಬಂದರು. ಗುರುಸಿದ್ದಪ್ಪ ಮೇಷ್ಟ್ರು ಎಂದರೆ ನರಸೀಪುರ ತಾಲ್ಲೂಕಿನ ಹೆಮ್ಮಿಗೆಯ ಕಡೆ ಇವತ್ತಿಗೂ ಎದ್ದು ನಿಲ್ಲುವವರಿದ್ದಾರೆ. ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದವರು. ಅವರಿಗೆ ಜಗತ್ತಿನಲ್ಲಿ ಆಗದ ವಸ್ತು ಒಂದೇ, ಇಸ್ಪೀಟು. ಊರ ಅರಳಿಕಟ್ಟೆಯಲ್ಲಿ ಯಾರಾದರೂ ಎಲೆ ಹಾಸಿದ್ದು ಕಂಡರೆ ಕೊಡೆ ಬೀಸಿಕೊಂಡು ಹೋಗಿ ಓಡಿಸುತ್ತಿದ್ದರು. ಅವರು ಮೈಸೂರಿನಲ್ಲಿ ಕಣ್ಣಿನ ಪೊರೆ ಆಪರೇಷನ್ ಮಾಡಿಸಿಕೊಂಡು, ಕನ್ನಡಕದ ನಂಬರು ಕೊಡುವವರೆಗೆ ಹೊಲದ ಧೂಳಿಗೆ ಹೋಗಬಾರದೆಂದು ಮಗಳ ಮನೆಯಲ್ಲಿ ಉಳಿದಿದ್ದರು. ಒಂದು ಕಣ್ಣು ಆಪರೇಷನ್ ಆದದ್ದು, ಇನ್ನೊಂದಕ್ಕೆ ಪೊರೆ ಹಾಗೇ ಇತ್ತು, ಎರಡರ ಮೇಲೂ ದೊಡ್ಡ ಕಪ್ಪು ಕನ್ನಡಕ.

"ರೀ, ಅಪ್ಪ ಇರೋವಷ್ಟು ದಿನ ಆ ಜೂಜಿನ ಚಾನೆಲ್ ಹಾಕಿದ್ರೆ ನೋಡಿ," ಎಂದು ನನ್ನ ಹೆಂಡತಿ ಗಿರಿಜಾ ಮೊದಲ ದಿನವೇ ಎಚ್ಚರಿಸಿದಳು. "ಅವರು ಈ ಮನೇಲಿ ನೀರು ಮುಟ್ಟೋಲ್ಲ."

ಹಾಕಬಾರದೆಂದೇ ಇದ್ದೆ. ಆದರೆ ಗುರುವಾರ ಮಧ್ಯಾಹ್ನ ಗಿರಿಜಾ ಮಠದ ವಚನಗಾಯನದ ಕ್ಲಾಸಿಗೆ ಹೋದಳು. ಮಾವನವರು ಒಳಕೋಣೆಯಲ್ಲಿ ಮಲಗಿದ್ದರು. ದನಿ ತಗ್ಗಿಸಿ ಟೀವಿ ಹಾಕಿದೆ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಮಾವನವರು ಗೋಡೆ ಹಿಡಿದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ರಿಮೋಟನ್ನು ಮೆಲ್ಲಗೆ ತೊಡೆಯ ಕೆಳಗೆ ಸರಿಸಿದೆ.

ಅವರು ಟೀವಿಯ ಕಡೆ ಕತ್ತು ಚಾಚಿ ಬಹಳ ಹೊತ್ತು ನೋಡಿದರು. "ಅಳಿಯಂದ್ರೇ, ಪಾಪ, ಇವರಿಗೆಲ್ಲ ಪೊರೆ ಆಪರೇಷನ್ ಆಗಿದ್ಯಾ?"

ನೋಡಿದರೆ ಹೌದು, ಮೇಜಿನ ಸುತ್ತ ಅರ್ಧಕ್ಕರ್ಧ ಜನ ಕಪ್ಪು ಕನ್ನಡಕ ಹಾಕಿದ್ದರು. ಕಣ್ಣು ನೋಡಿ ಎದುರಾಳಿ ಮನಸ್ಸು ಓದಿಬಿಡುತ್ತಾನೆಂದು ಆ ಆಟದವರು ಒಳಗೆ ಕೂತಿದ್ದರೂ ಹಾಗೆ ಹಾಕಿಕೊಳ್ಳುತ್ತಾರೆ. ಮಾವನವರಿಗೆ ಎಲೆ ಕಾಣಿಸಿಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಹೂಂ ಮಾವ," ಎಂದೆ. "ಕೆಲವರಿಗೆ ಆಗಿರಬೇಕು. ಇದು ಅಮೆರಿಕದಲ್ಲಿ ನಡೆಯೋ ಲೆಕ್ಕದ ಸ್ಪರ್ಧೆ. ನಂಬರ್ ಬರೆದ ಚೀಟಿ ಹಂಚ್ತಾರೆ. ಯಾರ ನಂಬರು ಎಷ್ಟಿರಬಹುದು ಅಂತ ಉಳಿದವರು ಲೆಕ್ಕ ಹಾಕಬೇಕು."

"ಭೇಷ್! ಮಾತಿಲ್ಲ ಕತೆಯಿಲ್ಲ, ಎಷ್ಟು ಶಿಸ್ತಾಗಿ ಕೂತಿದ್ದಾರೆ," ಎಂದರು ಮಾವನವರು. "ನಮ್ಮ ಹುಡುಗ್ರು ಹೀಗೆ ಕೂರೋಲ್ಲ."

ಮುಂದಿನ ಗುರುವಾರ ಅವರು ನನಗಿಂತ ಮೊದಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಅವರು ಕೇಳುವುದು, ನಾನು ಹೇಳುವುದು. ಕಳಾವರ್ ಗುಲಾಮ ಬಂದರೆ "ಹನ್ನೊಂದು", ಡೈಮಂಡ್ ರಾಣಿ ಬಂದರೆ "ಹನ್ನೆರಡು" ಎನ್ನುತ್ತಿದ್ದೆ. ಮಾವನವರು ಬೆರಳು ಮಡಚಿ, ಹತ್ತರಲ್ಲಿ ಎಷ್ಟು ಸಲ ಯಾರಿಗೆ ಗೆಲುವು ಬರಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುವರು. ಒಂದು ಕ್ಷಣ ಬಿಟ್ಟು ಟೀವಿಯಲ್ಲೂ ಹೆಚ್ಚುಕಡಿಮೆ ಅದೇ ಅಂಕಿ ಬರುವುದು. ನನಗೆ ಹೆಮ್ಮೆಯೂ ಆಗುವುದು, ಭಯವೂ ಆಗುವುದು. ಏಕೆಂದರೆ ಪಂದ್ಯ ಮುಂದಕ್ಕೆ ಹೋದಂತೆಲ್ಲ ಮಾವನವರ ಕಣ್ಣೂ ತಿಳಿಯಾಗುತ್ತಿತ್ತು. ಮೊದಲು ಗೋಡೆಯ ಗಡಿಯಾರ ಕಾಣಿಸಿತು, ಆಮೇಲೆ ಅದರ ಮುಳ್ಳು. ಒಂದು ದಿನ ಉಪ್ಪಿಟ್ಟಿನಲ್ಲಿ ಸಾಸಿವೆ ಕಂಡಿತು. ಸಾಸಿವೆ ಕಂಡವರಿಗೆ ಇಸ್ಪೀಟು ರಾಣಿ ಎಷ್ಟು ದಿನ ಕಾಣದೆ ಇದ್ದಾಳು?

ನಮಗೊಬ್ಬ ಮೆಚ್ಚಿನ ಆಟಗಾರ ಸಿಕ್ಕಿದ್ದ. ನೆರೆತ ಗಡ್ಡ, ಕೊಳೆಯಾದ ಟೋಪಿ, ಮಾವನವರದ್ದೇ ಎನ್ನಬಹುದಾದ ದೊಡ್ಡ ಕಪ್ಪು ಕನ್ನಡಕ. ಅವನ ಇಂಗ್ಲಿಷ್ ಹೆಸರು ನಮ್ಮಿಬ್ಬರ ನಾಲಿಗೆಗೂ ಹತ್ತಲಿಲ್ಲ. ಮಾವನವರು ಅವನನ್ನು "ನಮ್ಮ ಪೊರೆಯವನು" ಎಂದು ಕರೆದರು. ಪೊರೆಯವನ ಬಿಲ್ಲೆ ಕರಗಿದ ಗುರುವಾರ ಮಾವನವರಿಗೆ ಮುದ್ದೆ ಇಳಿಯುತ್ತಿರಲಿಲ್ಲ, ಗಿರಿಜಾ ಗಾಬರಿಯಾಗಿ ಜೀರಿಗೆ ಕಷಾಯ ಮಾಡುತ್ತಿದ್ದಳು. ಇತ್ತ ನಾನು ಅಂಗಡಿ ತೆಗೆಯುವ ಹೊತ್ತು ನಾಲ್ಕೂವರೆಗೆ ಜಾರಿತು. "ಏನ್ ಸಾ, ಮದ್ಯಾನದ್ ನಿದ್ದೆ ಸಂದ್ಗಂಟ ಬಂದುಬುಡ್ತಲ್ಲ!" ಎಂದು ಹೆಡತಲೆ ಊರಿನ ರೈತರೊಬ್ಬರು ಬಾಗಿಲಲ್ಲಿ ನಿಂತು ಆಡಿಕೊಂಡರು.

ಕೊನೆಯ ಮೇಜಿಗೆ ಒಂಬತ್ತು ಜನ ಉಳಿದರು. ಪೊರೆಯವನೂ ಇದ್ದ. ಅವನು ಎಲೆಯ ತುದಿ ಎತ್ತಿ ನೋಡಿದ. "ಹನ್ನೆರಡು ಬಂದಿದೆ ಮಾವ," ಎಂದೆ.

"ಹನ್ನೆರಡಲ್ಲ," ಎಂದರು ಮಾವನವರು. "ಆಟೀನ್ ರಾಣಿ."

ನಾನು ಅವರ ಕನ್ನಡಕದ ಕಡೆ ತಿರುಗಿದೆ.

"ಇವತ್ತು ಕಾಣಿಸ್ತಾ ಮಾವ?"

"ಕಾಣಿಸಿದ್ದು ಇವತ್ತು. ಗೊತ್ತಾದದ್ದು ಮೊದಲನೇ ದಿನ. ಎಲೆ ಕಲೆಸೋ ಆ ಪರಪರ ಸದ್ದು ಕೇಳ್ಕೊಂಡು ಊರು ತುಂಬ ಅಟ್ಟಾಡಿಸಿದೋನು ನಾನು. ನನಗೆ ಪೊರೆ ಬಂದಿದ್ದು ಕಣ್ಣಿಗಪ್ಪ, ಕಿವಿಗಲ್ಲ."

"ಮತ್ತೆ ನೀವು ಒಂದು ಮಾತೂ..."

"ಅವತ್ತು ಬೈಯೋಣ ಅಂತಲೇ ಬಂದು ಕೂತೆ. ಅಷ್ಟರಲ್ಲಿ ಈ ಪೊರೆಯವನು ಬಿಲ್ಲೆಯೆಲ್ಲ ಮುಂದಕ್ಕೆ ತಳ್ಳಿದ. ಏನಾಗ್ತದೆ ನೋಡ್ಕೊಂಡು ಬೈಯೋಣ ಅಂದ್ಕೊಂಡೆ. ಇನ್ನೂ ನೋಡ್ತಾನೇ ಇದ್ದೀನಿ." ಮಾವನವರು ಕನ್ನಡಕ ಸರಿ ಮಾಡಿಕೊಂಡರು. "ಗಿರಿಜಂಗೆ ಹೇಳ್ಬೇಡಿ. ಇಸ್ಪೀಟು ಕಂಡ್ರೆ ನಾನು ಇಲ್ಲಿ ನೀರೂ ಮುಟ್ಟೋಲ್ಲ ಅಂತ ಅಂದ್ಕೊಂಡಿದ್ದಾಳೆ."

ಅಂದಿನಿಂದ ನಾವಿಬ್ಬರೂ ಪಾಲುದಾರರು.

ಕೊನೆಯ ಕಂತಿನ ಗುರುವಾರ ಬೆಳಗ್ಗೆಯೇ ಕರೆಂಟು ಹೋಯಿತು. ವಿಚಾರಿಸಿದರೆ ಲೈನಿನ ಕೆಲಸ, ಸಂಜೆಯವರೆಗೆ ನಂಜನಗೂಡಿಗೆ ಕರೆಂಟಿಲ್ಲ. ಮಾವನವರು ಹಜಾರದಲ್ಲಿ ಅತ್ತಿಂದಿತ್ತ ಓಡಾಡಿದರು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಗಿರಿಜಾ, ಯಾಕೋ ಸುಂದ್ರಿನ ನೋಡಬೇಕು ಅನ್ನಿಸ್ತಿದೆ," ಎಂದರು. ಸುಂದ್ರಮ್ಮ ಅವರ ತಂಗಿ, ನರಸೀಪುರದಲ್ಲಿದ್ದಾರೆ. ಅವರ ಮನೆಯಲ್ಲಿ ಟೀವಿ, ಕೇಬಲ್ಲು ಇದೆ, ಆ ಊರಿಗೆ ಕರೆಂಟೂ ಇತ್ತು. "ಅಳಿಯಂದ್ರು ಜೊತೇಲಿ ಬರ್ತಾರೆ." ಗಿರಿಜಾ ಅಪ್ಪನ ತಂಗಿಪ್ರೀತಿಗೆ ಕರಗಿ ಡಬ್ಬಿ ತುಂಬ ಚಕ್ಕುಲಿ ಕಟ್ಟಿಕೊಟ್ಟಳು.

ಬಸ್ಸು ದಾರಿಯುದ್ದಕ್ಕೂ ಕೈ ಅಡ್ಡ ಹಾಕಿದವರನ್ನೆಲ್ಲ ಹತ್ತಿಸಿಕೊಂಡಿತು. ಸುಂದ್ರಮ್ಮತ್ತೆಯ ಮನೆ ಸೇರಿದಾಗ ಆಟ ಶುರುವಾಗಿತ್ತು. ಮಾವನವರು ಚಪ್ಪಲಿ ಬಿಟ್ಟವರೇ ಟೀವಿ ಎದುರು ಕೂತರು. ಅತ್ತೆ ನೀರಿನ ಚೊಂಬು ಹಿಡಿದು ಬಂದು ಪರದೆ ನೋಡಿ ಹಾಗೇ ನಿಂತುಬಿಟ್ಟರು.

"ಅಣ್ಣಯ್ಯಾ! ಇಸ್ಪೀಟಾ? ಏನ್ ಬಂತು ನಿಂಗೆ ಈ ವಯಸ್ನಲ್ಲಿ?"

"ಆಡ್ತಾ ಇಲ್ಲ ಕಣೇ, ನೋಡ್ತಾ ಇದ್ದೀನಿ. ಆ ಟೋಪಿಯವನು ನಮ್ಮ ಕಡೆ. ಸುಮ್ನೆ ಕೂತ್ಕೊ."

ಅತ್ತೆ ಬೈಯುತ್ತಲೇ ಕೂತರು, ಬೈಯುತ್ತಲೇ ಅವರಾಗಿ ಮಣೆ ಮುಂದಕ್ಕೆ ಎಳೆದುಕೊಂಡರು. ಉಳಿದವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋಗಿ, ಕೊನೆಗೆ ಇಬ್ಬರೇ ಉಳಿದರು. ಒಂದು ಕಡೆ ನಮ್ಮ ಪೊರೆಯವನು, ಇನ್ನೊಂದು ಕಡೆ ಕಿವಿಗೆ ಹಾಡಿನ ಯಂತ್ರ ಸಿಕ್ಕಿಸಿಕೊಂಡ ತರುಣ. "ಪಾಪ, ಸೊರಗೋಗವ್ನೆ. ಹೊಟ್ಟೆಗೇನಾದ್ರೂ ಕೊಟ್ರೋ ಇಲ್ವೋ," ಎಂದು ಅತ್ತೆ ಪೊರೆಯವನ ಬಗ್ಗೆ ಮರುಗಿದರು. ಚಕ್ಕುಲಿ ತಟ್ಟೆ ನಮ್ಮ ನಡುವೆ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ.

ಕೊನೆಯ ಕೈಯಲ್ಲಿ ಪೊರೆಯವನಿಗೆ ಏನೂ ಇರಲಿಲ್ಲ. ಎರಡು ಪುಡಿ ಎಲೆ, ಅಷ್ಟೇ. ಆದರೂ ಅವನು ಎರಡೂ ಕೈಯಿಂದ ಬಿಲ್ಲೆಯನ್ನೆಲ್ಲ ನಡುವಿಗೆ ತಳ್ಳಿ ಕಲ್ಲಿನ ಹಾಗೆ ಕೂತ. ತರುಣ ಯೋಚಿಸಿದ. ಎದ್ದು ನಿಂತ, ಮತ್ತೆ ಕೂತ. ಮಾವನವರು ಕಪ್ಪು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಬಿಟ್ಟುಬಿಡು ಮಗಾ, ಬಿಟ್ಟುಬಿಡು," ಎಂದು ಅತ್ತೆ ಟೀವಿಗೆ ಕೈ ಮುಗಿದರು. ತರುಣ ಬಿಡಲಿಲ್ಲ. ಅವನ ಕೈಯಲ್ಲಿ ಎಲ್ಲಕ್ಕಿಂತ ದೊಡ್ಡ ಎಲೆ, ಎರಡು ಎಕ್ಕ, ಇತ್ತು.

ಪೊರೆಯವನು ಒಂದು ಗಳಿಗೆ ಮೇಜು ನೋಡಿದ. ಆಮೇಲೆ ಗಟ್ಟಿಯಾಗಿ ನಕ್ಕು, ಮೇಜು ಸುತ್ತಿ ಬಂದು ತರುಣನನ್ನು ಅಪ್ಪಿಕೊಂಡ. ಅವನು ಕನ್ನಡಕ ತೆಗೆದದ್ದನ್ನು ನಾವು ನೋಡಿದ್ದು ಅದೇ ಮೊದಲು. ಸಾದಾ ಕಣ್ಣು, ನೆಂಟರ ಮನೆ ಹಿರಿಯರಿಗೆ ಇರುವಂಥದ್ದು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಕಾಫಿಗೆಂದು ಒಳಗೆ ಹೋದರು.

ಬಸ್ ಸ್ಟ್ಯಾಂಡಿನವರೆಗೂ ಮಾವನವರು ತಲೆ ತಗ್ಗಿಸಿ ಮುಂದೆ ಮುಂದೆ ನಡೆದರು. ಸೋತ ದುಃಖ ಎಂದುಕೊಂಡು ನಾನು ಹಿಂದೆ ಹೋದೆ. ನಂಜನಗೂಡಿನ ಬಸ್ಸು ಬಂದು ನಿಂತಿತು. ಅವರು ಹತ್ತಲಿಲ್ಲ.

"ನಮ್ಮೂರಲ್ಲಿ ಪುಟ್ಟಸ್ವಾಮಿ ಅಂತ ಇದ್ದಾನೆ. ಒಂದೇ ಬೆಂಚಲ್ಲಿ ಓದಿದೋರು," ಎಂದರು. "ಅರಳಿಕಟ್ಟೇಲಿ ಆಡ್ತಾ ಇದ್ದ. ಹೋದವನೇ ಎಲ್ಲರ ಎದುರಿಗೆ ಅವನ ಕೈಲಿದ್ದ ಎಲೆ ಕಿತ್ತು ನಾಲೆಗೆ ಎಸೆದುಬಿಟ್ಟೆ. ಅವತ್ತಿಂದ ಮಾತಿಲ್ಲ. ನನಗೂ ಹಟ, ಅವನಿಗೂ ಹಟ. ಇಬ್ಬರಿಗೂ ಕೂದಲು ನೆರೆತುಹೋಯ್ತು."

"ಈಗ ಏನು ಮಾವ?"

"ಅವತ್ತು ಅವನ ಕೈಲಿ ಏನಿತ್ತು ಅಂತ ಕೇಳಬೇಕು."

ಇಷ್ಟು ಹೇಳಿ ಹೆಮ್ಮಿಗೆಯ ಬಸ್ಸು ಹತ್ತಿಯೇಬಿಟ್ಟರು. ಧೂಳು, ಡಾಕ್ಟರು ಎಂದೆಲ್ಲ ನಾನು ಕಿಟಕಿಯ ಕೆಳಗೆ ನಿಂತು ಕೂಗಿದೆ. ಅವರು ಕಪ್ಪು ಕನ್ನಡಕ ತೋರಿಸಿ ಕೈ ಬೀಸಿದರು.

ನಾನೊಬ್ಬನೇ ಮನೆಗೆ ಬಂದೆ. ಬಸ್ಸಿನುದ್ದಕ್ಕೂ ಮುಖವನ್ನು ಅಭ್ಯಾಸ ಮಾಡಿದ್ದೆ. ಪೊರೆಯವನ ಹಾಗೆ ಹುಬ್ಬು ಅಲುಗಿಸದೆ, ತುಟಿ ಬಿಗಿಯದೆ, ಉಸಿರು ಏರದೆ. "ಮಾವನವರಿಗೆ ಊರು ನೋಡಬೇಕು ಅನ್ನಿಸ್ತಂತೆ, ನಾಲ್ಕು ದಿನ ಬಿಟ್ಟು ಬರ್ತಾರೆ," ಎಂದೆ.

ಗಿರಿಜಾ ನನ್ನನ್ನೇ ನೋಡಿದಳು. "ಸುಂದ್ರಮ್ಮತ್ತೆ ಫೋನ್ ಮಾಡಿದ್ರು," ಎಂದಳು. "ಎಲ್ಲಾ ಹೇಳಿದ್ರು."

ಅಷ್ಟೇ ಸಾಕಾಯಿತು. ನಾನು ಸೋಫಾದಲ್ಲಿ ಕುಸಿದು ಲೆಕ್ಕದ ಸ್ಪರ್ಧೆಯಿಂದ ಹಿಡಿದು ಪುಟ್ಟಸ್ವಾಮಿಯವರೆಗೆ ಒಂದನ್ನೂ ಬಿಡದೆ ಒಪ್ಪಿಸಿದೆ. ಕೇಳದಿದ್ದರೂ ಜೀರಿಗೆ ಕಷಾಯದ ನಿಜವಾದ ಕಾರಣವನ್ನೂ ಸೇರಿಸಿದೆ. ಅವಳು ಬೇಳೆ ಆರಿಸುತ್ತ ಎಲ್ಲ ಕೇಳಿಸಿಕೊಂಡಳು.

ಮಾವನವರು ಮುಂದಿನ ವಾರ ಬಂದರು. ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ಅವರನ್ನು ಕಂಡ ಪುಟ್ಟಸ್ವಾಮಿ ಕಟ್ಟೆಯ ಮೇಲಿಂದ ಏಳಲೂ ಇಲ್ಲವಂತೆ. ಕೇಳಿದ್ದಕ್ಕೆ ಮಾತ್ರ ತಟ್ಟನೆ ಉತ್ತರ ಬಂತಂತೆ: "ಮೂರು ಎಕ್ಕ ಕಣ್ಲಾ ಗುರುಸಿದ್ದ! ಮೂರು ಎಕ್ಕ ಬಂದಿತ್ತು, ನೀರ್ಗಾಕ್ಬುಟ್ಟೆ! ಬಾ, ಕೂತ್ಕ." ಆಮೇಲೆ ಇಬ್ಬರೂ ಕತ್ತಲಾಗುವವರೆಗೆ ಅಲ್ಲೇ ಕೂತಿದ್ದರಂತೆ. ಎಲೆ ಮುಟ್ಟಿದಿರಾ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

"ಬರ್ತಾ ಸುಂದ್ರಿ ಮನೆಗೂ ಹೋಗಿದ್ದೆ," ಎಂದರು ಮಾವನವರು ಕಾಫಿ ಹೀರುತ್ತ. "ಪಾಪ, ಕಂಬ ಮುರಿದುಬಿದ್ದು ಅವಳ ಫೋನು ತಿಂಗಳಿಂದ ಸತ್ತು ಬಿದ್ದಿದೆ. ನಾವು ಹೋಗಿದ್ವಲ್ಲ, ಅವತ್ತೂ ಸತ್ತೇ ಇತ್ತಂತೆ. ಕಂಪ್ಲೇಂಟ್ ಕೊಟ್ಟು ಕೊಟ್ಟು ಸಾಕಾಗಿದ್ಯಂತೆ."

ನಾನು ನಿಧಾನವಾಗಿ ಅಡುಗೆಮನೆಯ ಕಡೆ ತಿರುಗಿದೆ. ಗಿರಿಜಾ ಈಳಿಗೆಮಣೆಯ ಮುಂದೆ ಕೂತಿದ್ದಳು. ಹುಬ್ಬು ಅಲುಗಲಿಲ್ಲ. ತುಟಿ ಬಿಗಿಯಲಿಲ್ಲ. ಅಂಥ ಮುಖವನ್ನು ಅಮೆರಿಕದ ಆ ಹಸಿರು ಮೇಜಿನ ಸುತ್ತ ಒಂದು ಗುರುವಾರವೂ ನಾನು ನೋಡಿರಲಿಲ್ಲ.

"ಹುಳಿಗೆ ನುಗ್ಗೇಕಾಯಿ ಹಾಕ್ಲಾ, ಬದನೇಕಾಯಿ ಹಾಕ್ಲಾ?" ಎಂದಳು.

ಈ ಪ್ರಶ್ನೆಯ ಹಿಂದೆ ಏನಿರಬಹುದು ಎಂದು ನಾನು ಬಾಗಿಲಲ್ಲಿ ಬಹಳ ಹೊತ್ತು ಯೋಚಿಸುತ್ತ ನಿಂತೆ.