ಒಗ್ಗರಣೆ ಕಾಣದ ಕಿಚನ್ನುಗಳು

ಇಂಥವು ನನಗೇ ಯಾಕೆ ಆಗುತ್ತವೆ ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಈಗ ಬಿಟ್ಟಿದ್ದೇನೆ. ಮಂದಿಗೆ ಅಡುಗೆಮನೆ ಮಾಡಿಕೊಡುವವನಿಗೆ ಆಗದೆ ಸ್ಕೂಟರ್ ರಿಪೇರಿಯವನಿಗೆ ಆಗುತ್ತವೆಯೇ?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಲ್ಕು ತಾಲೂಕಿನಲ್ಲಿ ನನ್ನಂಥ ಕಿಚನ್ ಮಾಡುವವನು ಇನ್ನೊಬ್ಬನಿಲ್ಲ. ಜಂಬದ ಮಾತಲ್ಲ, ಇದ್ದದ್ದು ಹೇಳುತ್ತೇನೆ. ಹಳಿಯಾಳದ ಹತ್ತಿರದ ಹಳ್ಳಿಯವ ನಾನು. ಗೋವಾದ ಮಡಗಾಂವದಲ್ಲಿ ಒಬ್ಬರ ಅಂಗಡಿಯಲ್ಲಿ ಕಪಾಟಿನ ಬಾಗಿಲಿಗೆ ಕೀಲು ಜೋಡಿಸುತ್ತ ಕೆಲಸ ಕಲಿತೆ. ಆಮೇಲೆ ದಾಂಡೇಲಿಗೆ ಬಂದು ನನ್ನದೇ ಅಂಗಡಿ ತೆರೆದೆ. ಹುಬ್ಬಳ್ಳಿಯ ದೊಡ್ಡ ಅಂಗಡಿಯವರು ಗೋಡೆಯ ಅಳತೆ ತಗೊಳ್ಳುತ್ತಾರೆ. ನಾನು ಅಡುಗೆ ಮಾಡುವವರ ಮೊಣಕೈ ಅಳತೆ ತಗೊಳ್ಳುತ್ತೇನೆ. ಅವರನ್ನು ನಿಲ್ಲಿಸಿ, "ರೊಟ್ಟಿ ಬಡದಂಗ ಮಾಡ್ರಿ, ಈಗ ಒಗ್ಗರಣಿ ಕೊಟ್ಟಂಗ ಮಾಡ್ರಿ" ಅಂತ ಬರೀ ಗಾಳಿಯಲ್ಲಿ ಅಡುಗೆ ಮಾಡಿಸಿ ನೋಡುತ್ತೇನೆ. ಯಾವ ಕೈ ಎಲ್ಲಿ ಹೋಗುತ್ತದೋ ಅಲ್ಲಿ ಡಬ್ಬಿ, ಅಲ್ಲಿ ಸೌಟು. ಕೊನೆಗೆ ನನ್ನ ಗ್ಯಾರಂಟಿ ಮಾತು: "ಡ್ರಾವರ್ ಸಪ್ಪಳ ಮಾಡಂಗಿಲ್ಲ, ಒಳಗ ಇಲಿ ಬರಂಗಿಲ್ಲ, ಕಲ್ಲಿನ ಮ್ಯಾಲ ಆನಿ ನಿಂತರೂ ಮುರಿಯಂಗಿಲ್ಲ."

ಈ ಮೂರೂ ಮಾತು ಒಂದೊಂದಾಗಿ ನನಗೇ ತಿರುಗಿ ಬಿದ್ದ ಕತೆ ಇದು.

ಸಾವಕಾರರ ಷರತ್ತು

ಬೆಳಗಾವಿ ಕಡೆಯ ಒಬ್ಬ ಸಾವಕಾರರು ಜೋಯಿಡಾ ರಸ್ತೆಯಲ್ಲಿ ರೆಸಾರ್ಟ್ ಕಟ್ಟಿಸುತ್ತಿದ್ದರು. ಸಾಲಾಗಿ ಕಾಟೇಜುಗಳು. ಬರುವ ಪ್ರವಾಸಿಗರಿಗೆ ತಾವೇ ಅಡುಗೆ ಮಾಡಿಕೊಳ್ಳುವ ಹುಕಿ ಇರುತ್ತದಂತೆ, ಅದಕ್ಕೆ ಪ್ರತಿ ಕಾಟೇಜಿಗೂ ಒಂದೊಂದು ಸಣ್ಣ ಕಿಚನ್ ಬೇಕು. ಆ ಕೆಲಸ ನನಗೆ ಸಿಕ್ಕರೆ ಅಂಗಡಿ ನಿಲ್ಲುತ್ತಿತ್ತು. ಹುಬ್ಬಳ್ಳಿಯವರಿಗೆ ಹೋದರೆ ನಾನು ಬಾಗಿಲು ಹಾಕಿಕೊಂಡು ಮತ್ತೆ ಮಡಗಾಂವದಲ್ಲಿ ಕೀಲು ಜೋಡಿಸಬೇಕು. ಕೆಲಸ ಸಿಕ್ಕಿಯೇ ಬಿಟ್ಟಿದೆ ಅಂತ ನಾನು ಊರಲ್ಲೆಲ್ಲ ಹೇಳಿಯೂ ಆಗಿತ್ತು.

ಮೊಬೈಲಿನಲ್ಲಿ ನನ್ನ ಕಿಚನ್ನುಗಳ ಫೋಟೊ ತೋರಿಸಿದೆ. ಸಾವಕಾರರು ನಾಲ್ಕು ನೋಡಿ ಮೊಬೈಲ್ ತಿರುಗಿಸಿ ಕೊಟ್ಟರು.

"ಫೋಟೊದಾಗ ಎಲ್ಲಾರೂ ಚೆಂದನ ಇರ್ತಾರ ತಮ್ಮಾ. ನಂಗ ಅಡಿಗಿ ಆಗೂ ಕಿಚನ್ ತೋರಸು. ಬಳಸಿದ್ದಕ್ಕ ಗುರ್ತು ಬೇಕು. ಒಂದು ಎಣ್ಣಿ ಕಲಿ, ಒಂದು ಅರಿಷಿಣದ ಕಲಿ, ಏನರ ತೋರಸು, ಕೆಲಸ ನಿಂದ."

"ಇಷ್ಟ ಏನ್ರಿ? ನಾಳೆ ಬರ್ರಿ, ಹೇಳದೆ ಕೇಳದೆ ಯಾರ ಮನಿಗಾದರೂ ಹೋಗೂಣು."

ಈ ಮಾತನ್ನು ನಾನು ಆಡಬಾರದಿತ್ತು.

ಕುಂಕುಮದ ಕಲೆ

ಮೊದಲು ದಾಂಡೇಲಿಯ ಬಂಗೂರನಗರ. ಕಾಗದದ ಮಿಲ್ಲಿನಲ್ಲಿ ಕೆಲಸ ಮಾಡುವವರ ಮನೆ, ಮನೆಯಾಕೆ ಧಾರವಾಡ ಕಡೆಯ ಅಕ್ಕಾರು. ನಾಲ್ಕು ತಾಲೂಕಿನಲ್ಲೇ ಅತಿ ಬೆಳ್ಳಗಿನ ಕಿಚನ್ ಅವರದು. ಅಂಗಳಕ್ಕೆ ಕಾಲಿಡುವಾಗಲೇ ಎಣ್ಣೆಗಾಯಿಯ ಘಮಘಮ. ಸಾವಕಾರರ ಕಡೆ ನೋಡಿ ಎದೆ ಉಬ್ಬಿಸಿದೆ.

ಒಳಗೆ ಹೋದರೆ ಕಪಾಟಿನ ಬಾಗಿಲುಗಳಿಗೆ ನಾನು ಹಚ್ಚಿಕೊಟ್ಟಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇದೆ. ಒಲೆಯ ಮೇಲೆ ಪ್ಲಾಸ್ಟಿಕ್ ಸೇಬುಗಳ ಬುಟ್ಟಿ. ಘಮಘಮ ಬರುತ್ತಿದ್ದದ್ದು ಹಿತ್ತಲ ವರಾಂಡದಿಂದ. ಅಲ್ಲಿ ಬಟ್ಟೆ ಒಗೆಯುವ ಮಷೀನಿನ ಪಕ್ಕದಲ್ಲಿ ಒಂದು ಹಳೇ ಗ್ಯಾಸ್ ಒಲೆ, ಅದರ ಮೇಲೆ ಬುಟ್ಟಿಯಷ್ಟು ದೊಡ್ಡ ಬೋಗುಣಿ.

"ಅಕ್ಕಾರ, ಇಲ್ಯಾಕ ಮಾಡಾಕತ್ತೀರಿ?"

"ಅಷ್ಟು ಚೆಂದ ಮಾಡಿಕೊಟ್ಟೀಯಪಾ, ಹೊಲಸು ಮಾಡಾಕ ಮನಸ್ಸ ಬರೂದಿಲ್ಲ."

ಸಾವಕಾರರು ಅಷ್ಟಕ್ಕೇ ಬಿಡಲಿಲ್ಲ. ಕಿಚನ್ನಿಗೆ ಮರಳಿ ಹೋಗಿ ಮೂಲೆ ಮೂಲೆ ಹುಡುಕಿದರು. ಹೊಗೆ ಎಳೆಯುವ ಚಿಮಣಿಯ ಹಣೆಯ ಮೇಲೆ ಕೆಂಪಗೆ ಏನೋ ಕಂಡಿತು.

"ಸಿಕ್ತು ನೋಡು. ಖಾರದ ಕಲಿ ಇರಬೇಕು."

"ಅಯ್ಯ, ಅದು ಕುಂಕುಮರೀ," ಅಂದರು ಅಕ್ಕಾರು. "ಆಯುಧ ಪೂಜಾಕ್ಕ ಹಚ್ಚೇನಿ. ಬೈಕಿಗೆ ಹಚ್ಚಿದೆ, ಮಿಕ್ಸರಿಗೆ ಹಚ್ಚಿದೆ, ಇದೂ ಅಲ್ಲೇ ಕುಂತಿತ್ತು."

ಗೆಜ್ಜೆ ಕಟ್ಟಿದ ಡ್ರಾವರ್

ಹಳಿಯಾಳದ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಅಡುಗೆಯಲ್ಲಿ ಗಟ್ಟಿಗಿತ್ತಿಯರು. ಇಬ್ಬರ ಮೊಣಕೈ ಅಳತೆಯನ್ನೂ ತಗೊಂಡು, ಅತ್ತೆಗೆ ಒಂದು ಕಡೆ, ಸೊಸೆಗೆ ಒಂದು ಕಡೆ, ಎರಡು ಎತ್ತರದ ಕಟ್ಟೆ ಮಾಡಿಕೊಟ್ಟಿದ್ದೆ. ಇಂಥ ಬುದ್ಧಿ ಹುಬ್ಬಳ್ಳಿಯವರಿಗೆ ಹೊಳೆಯುತ್ತದೆಯೇ, ನೀವೇ ಹೇಳಿ.

ನನ್ನನ್ನು ಕಂಡ ಕೂಡಲೇ ಅತ್ತೆ ಶುರು ಮಾಡಿದರು.

"ಬಾಪಾ, ನಿನ್ನ ಹಾದೀನ ಕಾಯಾಕತ್ತಿದ್ದೆ. ಈ ಡ್ರಾವರ್ ಸಪ್ಪಳ ಬರೂ ಹಂಗ ಮಾಡಿಕೊಡು."

"ಸಪ್ಪಳ ಬರಬಾರದು ಅಂತ ಅಲ್ಲೇನ್ರಿ ಎಲ್ಲಾರೂ ಹಾಕಿಸ್ಕೊಳ್ಳೂದು?"

"ಎಲ್ಲಾರ ಮನಿಯಾಗ ನನ್ನ ಸೊಸಿ ಇರ್ತಾಳೇನು? ಮೊದಲ ಕಪಾಟು ಕಿರ್ ಅಂತಿತ್ತು. ಪಡಸಾಲಿಯಾಗ ಕುಂತು ಬೆಲ್ಲ ತಗದಳೋ ತುಪ್ಪ ತಗದಳೋ ಹೇಳ್ತಿದ್ದೆ. ಈಗ ತುಪ್ಪದ ಡಬ್ಬಿ ತಳಾ ಕಂಡೈತಿ, ನನಗ ಸುದ್ದಿ ಇಲ್ಲ."

ನಾನು ಬಂದು ಮಾಡಿಕೊಡುವ ತನಕ ಆಕೆ ಸುಮ್ಮನೆ ಕೂತಿರಲಿಲ್ಲ. ಎತ್ತಿನ ಕೊರಳಿನ ಗೆಜ್ಜೆಸರ ಬಿಚ್ಚಿ ಒಂದೊಂದು ಹಿಡಿಕೆಗೂ ಕಟ್ಟಿದ್ದರು. ಒಂದು ಚಮಚ ತೆಗೆದರೆ ಚಕ್ಕಡಿ ಹೊರಟ ಹಾಗೆ ಕೇಳುತ್ತಿತ್ತು. ಸೊಸೆ ಬೇಸತ್ತು ಮಾಳಿಗೆಯಲ್ಲಿ ಬೇರೆ ಒಲೆ ಹೂಡಿದ್ದಳು. ಆಕೆಯ ಮೇಲಿನ ಸೇಡಿಗೆ ಅತ್ತೆ ಹಿತ್ತಲಲ್ಲಿ ಹೂಡಿದ್ದರು. ನಡುವೆ ನನ್ನ ಕಿಚನ್ ಯಾರಿಗೂ ಸೇರದೆ ಎರಡು ದೇಶಗಳ ಗಡಿಯ ಹಾಗೆ ಖಾಲಿ ಬಿದ್ದಿತ್ತು.

ಹೊರಡುವಾಗ ಸಾವಕಾರರು ಒಂದು ಡ್ರಾವರ್ ಎಳೆದು ನೋಡಿದರು. ಘಲ್ ಎಂದಿತು.

ಪಡಸಾಲೆಯಿಂದ ಅತ್ತೆಯ ದನಿ: "ಯಾರದು? ತುಪ್ಪಕ್ಕ ಕೈ ಹಾಕಬ್ಯಾಡ್ರಿ."

ಇಲಿ ಬರದ ಮನೆ

ಅಲ್ಲಿಂದ ಮುಂಡಗೋಡ ಕಡೆ ಅತ್ತಿವೇರಿ. ಇಲ್ಲಿ ಕಿಟಕಿಯಿಂದ ಕೆರೆಯ ಹಕ್ಕಿ ನೋಡುತ್ತ ಅಡುಗೆ ಮಾಡುವ ಹಾಗೆ ಕಟ್ಟೆ ಇಟ್ಟುಕೊಟ್ಟಿದ್ದೆ. ಬಾಗಿಲು ತೆಗೆದರೆ ಹಕ್ಕಿಯೂ ಇಲ್ಲ, ಕಿಟಕಿಯೂ ಇಲ್ಲ. ನೆಲದಿಂದ ಮಾಡಿನ ತನಕ ಗೋವಿನಜೋಳದ ಚೀಲ.

"ಕಾಕಾ, ಇದೇನ್ರಿ ಇದು?"

ಮನೆಯ ಯಜಮಾನರು ಹಲ್ಲುಕಡ್ಡಿ ಆಡಿಸುತ್ತ ಹೇಳಿದರು: "ಇಲಿ ಬರಂಗಿಲ್ಲ ಅಂತ ನೀನ ಹೇಳಿದ್ದೆಲ್ಲ. ಖರೇನ ಹೇಳಿದ್ದಿ. ಒಂದೂ ಬಂದಿಲ್ಲ."

ಒಳಗಿನಿಂದ ಅವರ ಹೆಂಡತಿ ಸೇರಿಸಿದರು: "ನಾನೂ ಹೋಗಿಲ್ಲ."

ಕುಂಬಾರವಾಡದಲ್ಲಿ ನಾನೇ ಸೌಟು ಹಿಡಿದೆ

ಆ ರಾತ್ರಿ ನಾನು ಒಂದು ಹಂಚಿಕೆ ಹಾಕಿದೆ. ಮರುದಿನ ನೋಡಬೇಕಾದದ್ದು ಕುಂಬಾರವಾಡದಲ್ಲಿ ಹೋಮ್‌ಸ್ಟೇ ನಡೆಸುವ ಒಬ್ಬ ಹೆಂಗಸಿನ ಕಿಚನ್; ಎಲ್ಲರೂ ಅವರನ್ನು ಬಾಯಿ ಅಂತಲೇ ಕರೆಯುತ್ತಾರೆ. ಸಾವಕಾರರು ಕಾರಿನಲ್ಲಿ ಬರುವ ಮೊದಲೇ ಬೈಕಿನಲ್ಲಿ ಹೋಗಿ, ಅಲ್ಲೊಂದು ಅಡುಗೆ ಮಾಡಿಸಿ ಇಟ್ಟರಾಯಿತು.

ಬಾಯಿ ಅಂಗಳದ ಕಟ್ಟಿಗೆ ಒಲೆಯ ಮುಂದೆ ಕೂತು ಅನ್ನ ಬಸಿಯುತ್ತಿದ್ದರು. ಕೊಂಕಣಿ ಮನೆಮಾತು, ಕನ್ನಡ ಬೈಯಲಿಕ್ಕೆ ಸಾಕಾಗುವಷ್ಟು ಬರುತ್ತಿತ್ತು.

"ಬಾಯೀ, ಇವತ್ತೊಂದು ದಿನ ಒಳಗಿನ ಕಿಚನ್‌ದಾಗ ಒಗ್ಗರಣಿ ಹಾಕ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

"ನನಗ ಇಲ್ಲಿ ಕೆಲಸ ಐತಿ. ಕಿಚನ್ ಮಾಡಿದವ ನೀನು, ನೀನ ಹಾಕು."

"ನನಗ ಅಡಿಗಿ ಬರಂಗಿಲ್ರಿ."

ಬಾಯಿ ಅನ್ನದ ಪಾತ್ರೆ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರ ನನ್ನ ಮೊಣಕೈ ಹಿಡಿದು ಅಷ್ಟೊತ್ತು ಏನು ನೋಡಿದಿ?"

ಇದಕ್ಕೆ ಉತ್ತರ ಕೊಡುವುದಕ್ಕಿಂತ ಒಗ್ಗರಣೆ ಹಾಕುವುದೇ ವಾಸಿ ಅಂತ ಒಳಗೆ ಹೋದೆ. ಬಾಣಲೆಯಲ್ಲಿ ಎಣ್ಣೆ ಹಾಕಿದೆ, ಸಾಸಿವೆ ಹಾಕಿದೆ. ಸುಮ್ಮನೆ ಬಿದ್ದುಕೊಂಡಿತ್ತು. ಇನ್ನಷ್ಟು ಹಾಕಿದೆ. ಉರಿ ದೊಡ್ಡದು ಮಾಡಿದೆ. ಏನಾಯಿತು ಅಂತ ಬಗ್ಗಿ ನೋಡಿದಾಗ ಎಲ್ಲಾ ಸಾಸಿವೆ ಒಟ್ಟಿಗೆ ಸಿಡಿಯಿತು. ಅರಿಷಿಣ ಕೈಯಲ್ಲೇ ಇತ್ತು, ಅದೂ ಹಾರಿತು. ಹೊಗೆಯಲ್ಲಿ ತಡಕಾಡಿ ಚಿಮಣಿಯ ಗುಂಡಿ ಒತ್ತಿದೆ. ಅದು ನನ್ನ ಚಿಮಣಿ, ಒಂದು ಉಸಿರಿಗೆ ಹೊಗೆಯನ್ನೆಲ್ಲ ಎಳೆದುಕೊಂಡಿತು.

ಅಷ್ಟರಲ್ಲಿ ಸಾವಕಾರರು ಬಾಗಿಲಲ್ಲಿ ನಿಂತಿದ್ದರು. ಕಟ್ಟೆ ನೋಡಿದರು, ಗೋಡೆ ನೋಡಿದರು, ಬಾಗಿಲು ನೋಡಿದರು. ಎಲ್ಲಿಯೂ ಒಂದು ಹನಿ ಇಲ್ಲ. ಯಾಕೆಂದರೆ ಎಲ್ಲದಕ್ಕೂ ಅಡ್ಡ ನಾನು ನಿಂತಿದ್ದೆ.

"ಎಣ್ಣಿ ಕಲಿ, ಅರಿಷಿಣದ ಕಲಿ ಎರಡೂ ಸಿಕ್ಕವು ಬಿಡು," ಅಂದರು ನನ್ನ ಬಿಳೀ ಅಂಗಿ ನೋಡಿ. "ಆದರ ನಿನ್ನನ್ನ ಕಾಟೇಜಿನಾಗ ಕೂಡ್ಸಾಕ ಬರಂಗಿಲ್ಲ."

ಆನೆ ನಿಂತರೂ ಮುರಿಯದ ಕಲ್ಲು

ಉಳಿದದ್ದು ಒಂದೇ ಮನೆ, ನನ್ನದು. ಹಳ್ಳಿಯ ಕಡೆ ಹೊರಟೆವು. ನಮ್ಮವ್ವನಿಗೆ ಮಾಡಿಕೊಟ್ಟದ್ದು ನನ್ನ ಮೊದಲ ಕಿಚನ್. ಹುಟ್ಟಿದಾಗಿನಿಂದ ಆಕೆಯನ್ನು ನಾನು ಕಂಡದ್ದೇ ಹೊಗೆಯಲ್ಲಿ; ಮೂಗು ಸೆರಗಿನಲ್ಲಿ, ಕಣ್ಣು ಕೆಂಪು. ಅದಕ್ಕೇ ಈ ಕೆಲಸಕ್ಕೆ ಬಂದವನು. ಅವ್ವನೂ ಹಿತ್ತಲಲ್ಲಿ ಒಲೆ ಹೂಡಿ ಕೂತಿದ್ದರೆ ಮಡಗಾಂವವೇ ಗತಿ.

ಬಾಗಿಲಲ್ಲೇ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಕಿಚನ್ನಿನಿಂದಲೇ. ಜೀವ ಬಂದಂತಾಗಿ ಒಳಗೆ ನುಗ್ಗಿದೆ.

ಅವ್ವ ಕಿಚನ್ನಿನಲ್ಲೇ ಇದ್ದಳು. ಕರೀ ಕಲ್ಲಿನ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಗ್ಯಾಸ್ ಒಲೆ ಮೊಣಕಾಲ ಪಕ್ಕ, ಹಿಟ್ಟಿನ ಪರಾತ ಎದುರಿಗೆ, ತಲೆ ಚಿಮಣಿಯ ಪಕ್ಕಕ್ಕೆ ಓರೆ. ನಮ್ಮನ್ನು ನೋಡಿ ಸೆರಗು ಸರಿಮಾಡಿಕೊಂಡು, "ಬರ್ರಿ, ಕುಂದರ್ರಿ," ಅಂದಳು. ಕೆಳಗಿಳಿಯಲಿಲ್ಲ.

"ಮ್ಯಾಲ ಯಾಕ ಕುಂತೀಯವ್ವಾ?" ಸಾವಕಾರರು ಕೇಳಿದರು.

"ನಿಂತು ರೊಟ್ಟಿ ಬಡಿಯಾಕ ಬರಂಗಿಲ್ರಿ ನನಗ. ಇವ ಹೇಳ್ಯಾನ, ಆನಿ ನಿಂತರೂ ಮುರಿಯಂಗಿಲ್ಲ ಅಂತ. ನಾ ಆನಿಕಿಂತ ಹಗೂರದಾಕಿ."

"ದಿನಾ ಹಿಂಗ ಮಾಡ್ತಿ, ಒಂದು ಕಲಿ ಇಲ್ಲಲ್ಲ?"

"ಕುಂತಲ್ಲೇ ಒರಸ್ತೇನ್ರಿ. ನಾ ಕೂಡೂ ಜಾಗಾ ಅಲ್ಲೇನು?"

ಸಾವಕಾರರು ಕೂತು ಮೂರು ರೊಟ್ಟಿ ತಿಂದರು. ಅವ್ವನ ಫೋಟೊ ತೆಗೆದರು. ಹೊರಗೆ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, "ಕೆಲಸ ನಿಂದ ತಮ್ಮಾ," ಅಂದರು. ನಾನು ಬಗ್ಗಿ ಕಾಲು ಮುಟ್ಟುವಷ್ಟರಲ್ಲಿ ಮಾತು ಮುಗಿಸಿದರು: "ಆದರ ಕಿಚನ್ ಬ್ಯಾಡ. ಪ್ಯಾಟಿ ಮಂದಿಗೆ ಹಿಂಗ ಕುಂತು ರೊಟ್ಟಿ ಬಡಿಯೂದು ಬೇಕು. ಎಲ್ಲಾ ಕಾಟೇಜಿಗೂ ಮಣ್ಣಿನ ಒಲಿ ಹಾಕು. ಹೊಗಿ ಚಲೋ ಬರಬೇಕು ನೋಡು."

ಅಂಗಡಿ ಉಳಿಯಿತು. ಅವ್ವನನ್ನು ಹೊಗೆಯಿಂದ ಬಿಡಿಸಲಿಕ್ಕೆ ಕಲಿತ ವಿದ್ಯೆಯಿಂದ ಬೆಂಗಳೂರು, ಪುಣೆ ಮಂದಿಗೆ ಹೊಗೆ ಹಾಕಿಕೊಟ್ಟೆ. ಆದರೂ ಹೇಳುತ್ತೇನೆ, ನಾಲ್ಕು ತಾಲೂಕಿನಲ್ಲಿ ನನ್ನಂಥ ಒಲೆ ಹಾಕುವವ ಇಲ್ಲ.

ಕೊನೆಗೂ ಒಂದು ಕಲೆ

ಬಂಗೂರನಗರದ ಅಕ್ಕಾರು ಮನೆಮಂದಿ ಜೊತೆ ಆ ರೆಸಾರ್ಟಿಗೆ ಊಟಕ್ಕೆ ಹೋಗಿದ್ದರಂತೆ. ಮರುದಿನವೇ ಫೋನ್. ಅಂಥದೇ ಒಲೆ ಅವರಿಗೂ ಬೇಕು. ಹಿತ್ತಲ ವರಾಂಡದ ಗ್ಯಾಸ್ ತೆಗೆದು ಅಲ್ಲಿ ಮಣ್ಣಿನ ಒಲೆ ಹಾಕಿ, ಕೆಮ್ಮಣ್ಣು ಸಾರಿಸಿ, ಸುತ್ತ ಸುಣ್ಣದ ಎಳೆ ಬರೆಸಿಕೊಟ್ಟೆ.

ಕೆಲವು ದಿನ ಬಿಟ್ಟು ಮೊಬೈಲಿಗೆ ಒಂದು ಫೋಟೊ ಬಂತು. ನಾನು ಮಾಡಿದ ಕಪಾಟಿನ ಬಿಳೀ ಬಾಗಿಲು. ಅದರ ಮೇಲೆ ಅಂಗೈಯಗಲ ಅರಿಷಿಣ, ಕೆಳಗೆ ಇಳಿದ ಎಣ್ಣೆ. ಫೋಟೊದ ಹಿಂದೆಯೇ ಅಕ್ಕಾರ ದನಿಯ ಮೆಸೇಜು: "ಎಂಥಾ ಬಾಗಲಾ ಕೊಟ್ಟೀಯೋ ತಮ್ಮಾ? ಎಷ್ಟು ತಿಕ್ಕಿದರೂ ಹೋಗವಲ್ದು."

ಬೈಕ್ ಹತ್ತಿ ಓಡಿದೆ. ಅಕ್ಕಾರು ನನ್ನ ಕಿಚನ್ನಿನಲ್ಲಿ ನಿಂತು ಸಾರು ಕುದಿಸುತ್ತಿದ್ದರು. ನಾನು ಅಳತೆ ಮಾಡಿದ ಮೊಣಕೈ, ನಾನು ಇಟ್ಟ ಕಟ್ಟೆ. ಹಿತ್ತಲಿಗೆ ಹೋಗಿ ನೋಡಿದರೆ ಮಣ್ಣಿನ ಒಲೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಹಣೆಗೆ ಕುಂಕುಮ, ಮೇಲೆ ಪ್ಲಾಸ್ಟಿಕ್ ಸೇಬುಗಳ ಬುಟ್ಟಿ.

"ಒಲಿ ಹಚ್ಚಲಿಲ್ಲೇನ್ರಿ?"

"ಅಷ್ಟು ಚೆಂದ ಮಾಡಿಕೊಟ್ಟೀಯಪಾ, ಹೊಲಸು ಮಾಡಾಕ ಮನಸ್ಸ ಬರೂದಿಲ್ಲ."

ಅಕ್ಕಾರಿಗೆ ಹೊಸ ಬಾಗಿಲು ಹಾಕಿಕೊಟ್ಟು, ಕಲೆಯಾದ ಬಾಗಿಲನ್ನು ಬೈಕಿಗೆ ಕಟ್ಟಿಕೊಂಡು ಬಂದೆ. ಅಂಗಡಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಮೊಳೆ ಹೊಡೆದು ಕೂರಿಸಿದೆ. ಇನ್ನು ಯಾವ ಸಾವಕಾರ ಬಂದು ಗುರುತು ಕೇಳಿದರೂ ಬೆರಳು ಮಾಡಿದರಾಯಿತು.

ಮೊನ್ನೆ ಗಂಡ ಹೆಂಡತಿ ಬಂದರು, ಹೊಸ ಮನೆ ಕಟ್ಟಿಸುತ್ತಿರುವವರು. ಆಕೆಗೆ ಅಡುಗೆಯೆಂದರೆ ಜೀವವಂತೆ. ಮೊಣಕೈ ಅಳತೆ ಕೊಡಿ ಅಂದರೆ ಆಕೆಯ ಕಣ್ಣು ಗೋಡೆಯ ಮೇಲೆ. ಬಹಳ ಹೊತ್ತು ನೋಡಿದಳು, ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ಅಣ್ಣಾರ, ಈ ಡಿಸೈನ್ ಛಂದ ಐತಿ. ಎಲ್ಲಾ ಬಾಗಲಾಕ್ಕೂ ಇದನ್ನ ಹಾಕಿಕೊಡ್ತೀರೇನು?"