ದಿಂಬಿಗೊಂದು ಮುಖ

ರಗಳೆ ಶುರುವಾದದ್ದು ಒಂದು ತಲೆದಿಂಬಿನಿಂದ. ಮಂಗಳೂರಿನ ಉರ್ವದಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಮಹಾಬಲ ಆಳ್ವರು ಕಾವೂರಿನಲ್ಲಿ ಹೊಸ ಶಾಖೆ ತೆರೆಯುವವರಿದ್ದರು. ಅದೇ ದಿನ ಅಂಗಡಿಯ ಹೆಸರಿನಲ್ಲೇ ಹೊಸ ದಿಂಬೂ ಬರಲಿತ್ತು. ದಿಂಬಿನ ಜಾಹೀರಾತಿಗೆ ಒಬ್ಬ ಕ್ರೀಡಾಪಟುವಿನ ಮುಖ ಬೇಕು ಎಂದು ಅವರು ಬೆಳಗಿನ ಚಹಾದ ಹೊತ್ತಿಗೆ ಅಪ್ಪಣೆ ಕೊಡಿಸಿದರು. ಆಡುವವರಿಗೂ ಮಲಗುವವರಿಗೂ ಎಂಥ ಸಂಬಂಧ ಎಂದು ಕೇಳುವ ಧೈರ್ಯ ಯಾರಿಗಿದೆ?

"ಮುಂಬೈಯ ಏಜೆಂಟ್ ಒಬ್ಬ ಇದ್ದಾನೆ. ಹೆಸರು ಹೇಳಿದ್ರೆ ಸಾಕಂತೆ, ಯಾರನ್ನು ಬೇಕಾದ್ರೂ ಒಪ್ಪಿಸ್ತಾನಂತೆ," ಅಂದರು ಆಳ್ವರು. "ಜನರಿಗೆ ಎಲ್ಲಕ್ಕಿಂತ ಹೆಚ್ಚು ಗೊತ್ತಿರುವ ಮುಖ ಯಾವುದು? ಸರಿಯಾಗಿ ಹೇಳಿದವರಿಗೆ ಕಾವೂರಿನ ಮ್ಯಾನೇಜರ್ ಕುರ್ಚಿ."

ಎಡ್ವಿನ್ ಲೋಬೊ ಚಹಾದ ಲೋಟ ಕೆಳಗಿಟ್ಟು ನೆಟ್ಟಗೆ ಕೂತ. ಆ ಅಂಗಡಿಯಲ್ಲಿ ಹಾಸಿಗೆ ಮಾರುತ್ತಲೇ ಅವನ ಕೂದಲು ನರೆತಿತ್ತು. ಅದಕ್ಕೆ ಮೊನ್ನೆಯಷ್ಟೇ ಕಪ್ಪು ಬಣ್ಣ ಹಚ್ಚಿಕೊಂಡಿದ್ದ. ಕುರ್ಚಿ ತನ್ನದೇ ಎಂದು ಅವನು ನಂಬಿದ್ದ. ಅವನ ಹೆಂಡತಿ ಮಟಿಲ್ಡಾ ಅದನ್ನು ಬಜಪೆಯಲ್ಲಿರುವ ತನ್ನ ಅಕ್ಕನಿಗೆ ಹೇಳಿ, ಇಗರ್ಜಿಯ ಮೆಟ್ಟಿಲಲ್ಲಿ ಸಿಕ್ಕಿದವರಿಗೂ ಹೇಳಿ ಮುಗಿಸಿದ್ದಳು. ಇನ್ನು ಕುರ್ಚಿ ಸಿಗದಿದ್ದರೆ ಭಾನುವಾರದ ಪೂಜೆಗೆ ಬೇರೆ ಊರಿನ ಇಗರ್ಜಿ ಹುಡುಕಬೇಕಾದೀತು.

"ಇದರಲ್ಲಿ ಕೇಳ್ಲಿಕ್ಕೆ ಎಂತ ಉಂಟು ಸರ್? ಕ್ರಿಕೆಟ್. ವಿಶ್ವಕಪ್ ಎತ್ತಿದವನ ಮುಖ ಹಾಕಿ," ಅಂದ ಎಡ್ವಿನ್.

"ಕ್ರಿಕೆಟ್ ಆಡುದು ನಾಲ್ಕು ದೇಶ ಅಂಕಲ್," ಅಂದ ಗೌರವ್. "ಫುಟ್‌ಬಾಲ್ ಇಡೀ ಪ್ರಪಂಚ ನೋಡ್ತದೆ."

ಗೌರವ್ ಆಳ್ವರ ಅಕ್ಕನ ಮಗ. ಅಳಿಯಸಂತಾನದ ಆ ಮನೆತನದಲ್ಲಿ ಸೋದರಳಿಯನಿಗೆ ಮಗನಿಗಿಂತ ಒಂದು ತೂಕ ಹೆಚ್ಚು. ಕಾಲೇಜಿನಲ್ಲಿ ತಾನು ಫಾಸ್ಟ್ ಬೌಲರ್ ಆಗಿದ್ದೆ ಎಂದು ಹೇಳಿಕೊಂಡು, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹಾಸಿಗೆಗಳ ನಡುವೆ ಕೈ ಬೀಸುತ್ತ ಓಡಾಡುವುದೇ ಅವನ ಕೆಲಸ. ಹಾಗಿರುವವನಿಗೆ ಫುಟ್‌ಬಾಲಿನ ಮೇಲೆ ಪ್ರೀತಿ ಉಕ್ಕಿದ್ದು ಎಡ್ವಿನ್ ಕ್ರಿಕೆಟ್ ಅಂದನೆಂಬ ಒಂದೇ ಕಾರಣಕ್ಕೆ.

ಲೆಕ್ಕ ಬರೆಯುವ ಸ್ನೇಹಲತಾ ತಲೆ ಎತ್ತದೆಯೇ ಅಂದಳು, "ಬ್ಯಾಡ್ಮಿಂಟನ್ ಹುಡುಗಿ ಒಬ್ಬಳು ಇದ್ದಾಳಲ್ಲ, ಪದಕ ತಂದವಳು. ದಿಂಬು ತೆಗೊಳ್ಳುದು ಹೆಂಗಸರು. ಗಂಡಸರಿಗೆ ಮನೆಯಲ್ಲಿ ದಿಂಬು ಎಷ್ಟು ಉಂಟು ಅಂತ ಸಹ ಗೊತ್ತಿಲ್ಲ."

"ನಮ್ಮ ಅಂಡರ್‌ಆರ್ಮ್ ಆಟಗಾರರನ್ನೇ ಯಾರನ್ನಾದ್ರೂ ಹಾಕುವ ಅಂತ ನಂಗೆ," ಎಂದರು ಆಳ್ವರು ಮೆಲ್ಲಗೆ.

ಎಡ್ವಿನ್‌ಗೆ ನಗು ತಡೆಯಲಾಗಲಿಲ್ಲ. ಭುಜದಿಂದ ಮೇಲೆ ಕೈ ಎತ್ತದೆ, ಟೆನಿಸ್ ಚೆಂಡನ್ನು ತಗ್ಗಿನಿಂದ ಎಸೆದು ಆಡುವ ಆ ಊರ ಕ್ರಿಕೆಟ್ ಕಂಡರೆ ಅವನಿಗೆ ಮೊದಲಿನಿಂದಲೂ ತಾತ್ಸಾರ. ಸಾಲದ್ದಕ್ಕೆ ಮೈಕಿನಲ್ಲಿ ತುಳು ಕಾಮೆಂಟರಿ, ಯೂಟ್ಯೂಬಿನಲ್ಲಿ ಲೈವ್. ಹೋದ ತಿಂಗಳು ಅಂಗಡಿಯ ಪರವಾಗಿ ಬಹುಮಾನ ಕೊಡಲು ಅಂಥದೊಂದು ಟೂರ್ನಿಗೆ ಹೋದವನು ಅರ್ಧದಲ್ಲೇ ಎದ್ದು ಬಂದಿದ್ದ. ಯಾಕೆಂದು ಯಾರಿಗೂ ಹೇಳಿರಲಿಲ್ಲ.

"ಅದು ಕೈ ಎತ್ಲಿಕ್ಕೆ ಬಾರದವರ ಆಟ ಸರ್. ಅದನ್ನು ಯಾರು ನೋಡ್ತಾರೆ?" ಅಂದ. ಗೌರವ್ ಮತ್ತು ಸ್ನೇಹಲತಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ನೇಹಲತಾಳಿಗೆ ಯಾಕೋ ಕೆಮ್ಮು ಬಂತು.

ಕೊನೆಗೆ ಮಾರ್ಕೆಟಿಗೆ ಹೋಗಿ ಜನರನ್ನೇ ಕೇಳುವುದೆಂದು ತೀರ್ಮಾನವಾಯಿತು. ಮೂವರು ತಾರೆಯರ ದೊಡ್ಡ ಫೋಟೋ ಎಡ್ವಿನ್ ಹಿಡಿಯಬೇಕು, ಗೌರವ್ ಮೊಬೈಲಿನಲ್ಲಿ ವಿಡಿಯೊ ಮಾಡಬೇಕು. ಸಂಜೆ ಅದನ್ನು ನೋಡಿ ಆಳ್ವರು ತೀರ್ಪು ಕೊಡುತ್ತಾರೆ.

ಉರ್ವ ಮಾರ್ಕೆಟಿನಲ್ಲಿ ಎಡ್ವಿನ್ ಮೊದಲು ಹಿಡಿದದ್ದು ಮೀನಿಗೆ ಚೌಕಾಸಿ ಮಾಡುತ್ತಿದ್ದ ಪಾತುಮ್ಮನನ್ನು. ಕ್ರಿಕೆಟಿಗನ ಫೋಟೋ ನೋಡಿದ್ದೇ ಅವಳು ತಲೆಯಾಡಿಸಿದಳು.

"ಗೊತ್ತುಂಟು. ಇವ ಸಿಮೆಂಟಿನವ."

"ಸಿಮೆಂಟಿನವ ಅಲ್ಲ ಮಾರಾಯ್ತಿ. ದೊಡ್ಡ ಆಟಗಾರ."

"ಹಾಗಾದ್ರೆ ಇನ್ವರ್ಟರಿನವ. ಅಲ್ಲ, ಚಡ್ಡಿಯವನಾ? ಟಿವಿ ಹಾಕಿದ್ರೆ ಇವನೇ, ಎಂತದೋ ಮಾರ್ತಾ ಇರ್ತಾನೆ. ಪಾಪ, ಒಂದು ವ್ಯಾಪಾರವೂ ಹಿಡಿದ ಹಾಗೆ ಕಾಣುದಿಲ್ಲ."

ಫುಟ್‌ಬಾಲಿಗನನ್ನು ಎಲ್ಲರೂ ಕಂಡಿದ್ದರು. ಆದರೆ ಎಲ್ಲರೂ ಕಂಡಿದ್ದು ಸೆಲೂನಿನ ಗೋಡೆಯಲ್ಲಿ. ಕ್ಷೌರದಂಗಡಿಯವನಂತೂ "ಈ ಕಟಿಂಗ್ ನಮ್ಮಲ್ಲಿ ಮಾಡ್ತೇವೆ, ಆದ್ರೆ ನಿಮ್ಮ ತಲೆಗೆ ಆಗುದಿಲ್ಲ," ಅಂದು ಎಡ್ವಿನ್‌ನ ಹಣೆಯನ್ನೇ ನೋಡಿ ಕಿಸಕ್ಕೆಂದ. ಬ್ಯಾಡ್ಮಿಂಟನ್ ಹುಡುಗಿಯ ಗತಿ ಇನ್ನೂ ಕಷ್ಟ. ಹೂವಿನ ಕಟ್ಟೆಯಲ್ಲಿ ಕೂತಿದ್ದ ಹೆಂಗಸು ಫೋಟೋವನ್ನು ಹಿಂದೆ ಮುಂದೆ ತಿರುಗಿಸಿ, "ಹುಡುಗಿ ಒಳ್ಳೆಯದುಂಟು. ಜಾತಕ ಉಂಟಾ?" ಎಂದು ಕೇಳಿದಳು.

ಇಂಥ ಜನಕ್ಕೆ ಪದಕ ತಂದರೇನು, ಕಪ್ ಎತ್ತಿದರೇನು ಎಂದು ಎಡ್ವಿನ್ ಒಳಗೊಳಗೇ ಹೇಸಿಕೊಂಡ. ಆದರೂ ಅವನಿಗೆ ಒಂದು ವಿಷಯ ಹಿತವಾಗಿತ್ತು. ಯಾರೂ ಅವನನ್ನು ಗದರಿ ಓಡಿಸುತ್ತಿರಲಿಲ್ಲ. ಕಂಡವರೆಲ್ಲ ಮುಗುಳ್ನಗುತ್ತಿದ್ದರು. ಕಾಲೇಜಿನ ಇಬ್ಬರು ಹುಡುಗಿಯರು ಫೋಟೋಗಳತ್ತ ಕಣ್ಣೂ ಹಾಯಿಸದೆ, "ಅಂಕಲ್, ಒಂದು ಸೆಲ್ಫಿ" ಎಂದು ಅಕ್ಕಪಕ್ಕ ನಿಂತರು. ಟಿವಿಯವನೆಂದು ತಿಳಿದಿರಬೇಕು ಅಂದುಕೊಂಡು ಅವನು ಅಂಗಿಯ ಕಾಲರ್ ಸರಿಮಾಡಿಕೊಂಡ. ಸಿಟಿ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡೇ ಅವನಿಗೊಂದು ಸೆಲ್ಯೂಟ್ ಹೊಡೆದು ಹೋದ.

ಎಳನೀರಿನ ಬೊಂಡ ಮಾರುವವನು ಕೂಗಿ ಕರೆದ. "ಬನ್ನಿ ಸರ್, ಒಂದು ಬೊಂಡ ಕುಡೀರಿ. ದುಡ್ಡು ಬೇಡ. ತಲೆ ಈಗ ಹೇಗುಂಟು?"

"ಚಂದ ಉಂಟಾ?" ಎಂದು ಎಡ್ವಿನ್ ಬಣ್ಣ ಹಚ್ಚಿದ ಕೂದಲನ್ನು ನೇವರಿಸಿಕೊಂಡ.

"ಗಟ್ಟಿ ಉಂಟು," ಅಂದ ಬೊಂಡದವನು. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ಟ್ರಾ ಬಾಯಿಗಿಟ್ಟ ಎಡ್ವಿನ್‌ನ ಮುಖಕ್ಕೆ ಗೌರವ್ ಕ್ಯಾಮೆರಾವನ್ನು ಹತ್ತಿರ ತಂದ. ಹುಡುಗನಿಗೆ ಕೆಲಸದಲ್ಲಿ ಶ್ರದ್ಧೆಯಿಲ್ಲ, ಫೋಟೋ ಬಿಟ್ಟು ಮುಖ ತೆಗೆಯುತ್ತಾನೆ ಎಂದು ಎಡ್ವಿನ್‌ಗೆ ಸಿಟ್ಟು ಬಂತು.

ಸಂಜೆ ಶೋರೂಮಿನ ದೊಡ್ಡ ಟಿವಿಗೆ ವಿಡಿಯೊ ಹಾಕಿದರು. ಆಳ್ವರು ಎಲ್ಲಕ್ಕಿಂತ ದುಬಾರಿ ಹಾಸಿಗೆಯ ಮೇಲೆ ಕಾಲು ಮಡಚಿ ಕೂತರು. ಎಡ್ವಿನ್ ಎದ್ದು ನಿಂತು ವಾದ ಮಂಡಿಸಿದ.

"ನೋಡಿ ಸರ್, ಹುಡುಗಿಯನ್ನು ಮದುವೆಗೆ ಕೇಳಿದ್ರು. ಫುಟ್‌ಬಾಲಿನವನ ಕೂದಲು ಮಾತ್ರ ಗೊತ್ತು. ಕ್ರಿಕೆಟಿನವ ಏನಾದ್ರೂ ಮಾರುವವ ಅಂತಾದ್ರೂ ಗೊತ್ತುಂಟಲ್ಲ. ನಮಗೆ ಬೇಕಾದ್ದು ಅದೇ."

"ಸರಿ," ಅಂದರು ಆಳ್ವರು. "ಆದ್ರೆ ಎಡ್ವಿನ್, ನೀವು ಫೋಟೋ ನೋಡ್ತಾ ಇದ್ದೀರಿ. ಜನ ಯಾರನ್ನು ನೋಡ್ತಾ ಇದ್ದಾರೆ, ಅದನ್ನು ಸ್ವಲ್ಪ ನೋಡಿ."

ಎಡ್ವಿನ್ ಟಿವಿಯತ್ತ ತಿರುಗಿದ. ಪಾತುಮ್ಮ ಅವನನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಕ್ಷೌರದವನು ಅವನನ್ನೇ ನೋಡುತ್ತಿದ್ದ. ಎಡ್ವಿನ್‌ನ ಬೆನ್ನ ಹಿಂದೆ ಮೀನಿನವರ ಸಾಲಿಗೆ ಸಾಲೇ ಅವನತ್ತ ಬೆರಳು ತೋರಿಸುತ್ತಿತ್ತು.

"ನೀವು ವಾಟ್ಸಾಪ್ ಯಾಕೆ ಇಟ್ಕೊಳ್ಳುದಿಲ್ಲ?" ಎಂದು ಆಳ್ವರು ಕೇಳಿದರು.

"ಬೆಳಗಾದ್ರೆ ಗುಲಾಬಿ ಹೂ ಕಳಿಸುವವರ ಸಹವಾಸ ಯಾರಿಗೆ ಬೇಕು ಸರ್?"

ಆಳ್ವರು ತಮ್ಮ ಮೊಬೈಲನ್ನು ಅವನ ಮುಂದೆ ಹಿಡಿದರು. ಅದರಲ್ಲೊಂದು ಸ್ಟಿಕ್ಕರ್ ಕುಣಿಯುತ್ತಿತ್ತು. ಅಂಡರ್‌ಆರ್ಮ್ ಟೂರ್ನಿಯ ವೇದಿಕೆ. ಬ್ಯಾಟಿನಿಂದ ಹಾರಿ ಬಂದ ಚೆಂಡು ಅತಿಥಿಯ ಹಣೆಯ ಮಧ್ಯಕ್ಕೆ ಬಡಿಯುತ್ತದೆ. ಕೈಯ ಬೊಂಡ ಮೇಲೆ ಹಾರುತ್ತದೆ, ಬಾಯಿಯ ಸ್ಟ್ರಾ ಬಾಯಲ್ಲೇ ಇರುತ್ತದೆ, ಕಣ್ಣು ಮೆಲ್ಲನೆ ಮುಚ್ಚುತ್ತದೆ. ಕೆಳಗೆ ಬರೆದಿತ್ತು: ಗುಡ್ ನೈಟ್.

ಎಡ್ವಿನ್ ಹಾಸಿಗೆಯ ಅಂಚಿನಲ್ಲಿ ಕುಸಿದು ಕೂತ. ಟೂರ್ನಿಯ ದಿನ ಸುತ್ತ ನೋಡಿ, ಯಾರೂ ಗಮನಿಸಲಿಲ್ಲವೆಂದು ಖಾತ್ರಿ ಮಾಡಿಕೊಂಡೇ ಅವನು ಎದ್ದು ಬಂದಿದ್ದ.

"ಇಡೀ ಮಂಗಳೂರು ಈಗ ಇದನ್ನು ನೋಡಿಯೇ ಮಲಗುದು," ಅಂದರು ಆಳ್ವರು. ಅವರ ದನಿಯಲ್ಲಿ ನಿಜವಾದ ಗೌರವವಿತ್ತು. "ದುಬೈಯಿಂದ ಸಹ ನಂಗೆ ಬರ್ತದೆ. ಬೆಳಿಗ್ಗೆ ನಾನು ಅಂಡರ್‌ಆರ್ಮ್ ಅಂದದ್ದು ಸುಮ್ಮನೆ ಅಲ್ಲ. ಜನ ಎಂತ ಹೇಳ್ತಾರೆ ಅಂತ ಒಮ್ಮೆ ನೋಡ್ಬೇಕಿತ್ತು."

"ಮಟಿಲ್ಡಾಗೆ ಗೊತ್ತಾದ್ರೆ ನನ್ನ ಮರ್ಯಾದೆ ಎಂತ ಆಗ್ತದೆ ಸರ್?"

"ನನ್ನ ಹೆಂಡತಿಗೆ ಇದನ್ನು ಕಳಿಸಿದ್ದೇ ಅವರು."

ಎಡ್ವಿನ್‌ಗೆ ಅಳು ಬಂದ ಹಾಗಾಯಿತು. ಆದರೆ ಹಾಸಿಗೆ ಮಾರಿ ಮಾರಿ ಪಳಗಿದ ಜೀವ, ಅಷ್ಟರಲ್ಲೂ ಒಂದು ಲಾಭ ಹುಡುಕಿತು. "ಹಾಗಾದ್ರೆ ಎಲ್ಲರಿಗಿಂತ ಹೆಚ್ಚು ಗೊತ್ತಿರುವ ಮುಖ ನನ್ನದು. ಕುರ್ಚಿಯೂ ನನಗೇ ಅಲ್ವಾ?"

"ಕುರ್ಚಿ ಸರಿಯಾಗಿ ಹೇಳಿದವರಿಗೆ. ನೀವು ಕ್ರಿಕೆಟಿನವ ಅಂದ್ರಿ. ಗೌರವ್ ಮಧ್ಯಾಹ್ನವೇ ಫೋನ್ ಮಾಡಿ ಮಾತು ಬದಲಿಸಿದ. 'ಮಾವ, ಎಡ್ವಿನ್ ಅಂಕಲ್' ಅಂದ." ಆಳ್ವರು ಹೆಮ್ಮೆಯಿಂದ ಅಳಿಯನ ಬೆನ್ನು ತಟ್ಟಿದರು. "ಮತ್ತೆ, ದಿಂಬಿನ ಬೋರ್ಡಿನಲ್ಲಿ ಕಣ್ಣುಮುಚ್ಚಿ ಬೀಳುವವ ಅಂಗಡಿಯಲ್ಲಿ ಮ್ಯಾನೇಜರ್ ಅಂತ ಕೂತ್ರೆ ಗಿರಾಕಿಗಳು ನಗುದಿಲ್ವಾ? ಏಜೆಂಟನಿಗೆ ಬೇಡ ಅಂತ ಹೇಳಿ ಆಯ್ತು. ನೀವು ನಮ್ಮವರೇ, ನಿಮಗೆ ಬೇರೆ ದುಡ್ಡು ಕೊಡ್ಲಿಕ್ಕೂ ಇಲ್ಲ."

ಅಂಗಡಿಯ ಹಿಂದಿನ ಅಂಗಳದಲ್ಲಿ ಫ್ಲೆಕ್ಸಿನವನು ಕ್ಯಾಮೆರಾ ನಿಲ್ಲಿಸಿ ಕಾಯುತ್ತಿದ್ದ. ಸ್ಟಿಕ್ಕರಿನ ಚಿತ್ರ ದೊಡ್ಡದು ಮಾಡಿದರೆ ಮಸುಕಾಗುತ್ತದಂತೆ, ಆದ್ದರಿಂದ ಎಲ್ಲವನ್ನೂ ಹೊಸದಾಗಿ ತೆಗೆಯಬೇಕಂತೆ. ಸ್ನೇಹಲತಾ ಎಡ್ವಿನ್‌ನ ಕೈಗೆ ಬೊಂಡ ಕೊಟ್ಟು, ಬಾಯಿಗೆ ಸ್ಟ್ರಾ ಇಟ್ಟು, ಬೆನ್ನ ಹಿಂದೆ ಹೊಸ ದಿಂಬುಗಳನ್ನು ಜೋಡಿಸಿದಳು.

"ಸುಮ್ಮನೆ ಬಿದ್ದ ಹಾಗೆ ಮಾಡಿದ್ರೆ ಸಾಕಲ್ಲ?" ಎಂದು ಎಡ್ವಿನ್ ಸ್ಟ್ರಾದ ಸಂದಿನಿಂದ ಕೇಳಿದ.

"ಜನರಿಗೆ ಗೊತ್ತಾಗ್ತದೆ ಅಂಕಲ್," ಅಂದ ಹೊಸ ಮ್ಯಾನೇಜರ್.

ಅವನು ಚೆಂಡನ್ನು ಪ್ಯಾಂಟಿಗೆ ಉಜ್ಜಿ, ಅಂಗಳದ ಆ ತುದಿಗೆ ನಡೆದು ಹೋಗಿ, ಕಾಲೇಜಿನ ದಿನಗಳನ್ನು ನೆನೆಯುತ್ತ ಬಲಗೈಯನ್ನು ತಲೆಯ ಮೇಲೆ ಎರಡು ಸುತ್ತು ಬೀಸಿದ. ಎಡ್ವಿನ್ ಬೊಂಡವನ್ನು ಹಣೆಗೆ ಅಡ್ಡ ಹಿಡಿದ.

"ಗೌರವ್," ಎಂದ ಅವನು ದೈನ್ಯದಿಂದ. "ಅಂಡರ್‌ಆರ್ಮ್ ಹಾಕು ಮಾರಾಯ."